ಬೆಲ್ಟ್ ಅಂಗಡಿಯ ಅನುಮಾನದಣ್ಣ
ಹಳೇ ಕಾರಿಗೊಂದು ಎಂಜಿನ್ ಬೆಲ್ಟ್ ಕೊಡಿ ಎಂದರೆ ಸಾಕು, ಬಿಡಿಭಾಗದಂಗಡಿಯ ಅನುಮಾನದಣ್ಣನ ಹುಬ್ಬು ಮೇಲೇರುತ್ತದೆ. ಗಿರಾಕಿ ಹೇಳುವ ವರ್ಷವನ್ನಾಗಲಿ, ಡಬ್ಬಿಯ ಮೇಲಿನ ನಂಬರನ್ನಾಗಲಿ ಅವನು ನಂಬುವವನಲ್ಲ. ಬಿಚ್ಚಿ ತಂದ ಬೆಲ್ಟನ್ನಂತೂ, “ಇದು ಎಳೆದೂ ಎಳೆದೂ ಉದ್ದ ಆಗಿರೋ ಸುಳ್ಳುಬುರುಕ” ಎಂದು ಮೂಲೆಗೆಸೆಯುತ್ತಾನೆ. “ಒಳಗೆ ಯಾರ ಮನೆ ಎಂಜಿನ್ ಬಂದು ಕೂತಿದೆಯೋ, ಬಾನೆಟ್ ಎತ್ತಿ” ಎನ್ನುತ್ತ ಬೀದಿಗಿಳಿದು, ಬೆಲ್ಟ್ ಕೂರುವ ರಾಟೆಯ ಗೀರುಗಳನ್ನು ಉಗುರಿನಿಂದ ಎಣಿಸಿ, ದಾರ ಸುತ್ತಿ ಅಳೆದು, ಮತ್ತೆ ಮೊದಲಿನಿಂದ ಎಣಿಸುತ್ತಾನೆ. “ನಾನೇನು ಕಳ್ಳನೇನ್ರೀ?” ಎಂದು ಗಿರಾಕಿ ರೇಗಿದರೆ, ಕುರ್ಚಿಯ ಹಿಂದೆ ಮೊಳೆಗೆ ನೇತುಹಾಕಿದ ತುಂಡು ಬೆಲ್ಟನ್ನು ತೋರಿಸುತ್ತಾನೆ. ಇಳಿಜಾರಿನಲ್ಲಿ ಹರಿದು, ಸ್ಟೀರಿಂಗ್ ತಿರುಗದಷ್ಟು ಬಿಗಿಯಾಗಿ, ಒಬ್ಬನ ಪ್ರಾಣ ತೆಗೆದ ಬೆಲ್ಟದು. “ಆರು ಗೀರು ಅಂದ. ಎದ್ದು ನೋಡದೆ ಕೊಟ್ಟುಬಿಟ್ಟೆ. ಒಡಹುಟ್ಟಿದ ತಮ್ಮನ ಮಾತಲ್ವಾ.”