ನೀರಿನ ಗಂಡಾಂತರ

ಅರ್ಜಿ, ಮನವಿಗಳನ್ನು ಹೊರತುಪಡಿಸಿ ಬೇರೇನನ್ನೂ ಬರೆದ ಅನುಭವ ನನಗಿಲ್ಲವಾದ್ದರಿಂದ, ನಡೆದುದನ್ನು ನಡೆದ ಕ್ರಮದಲ್ಲಿಯೇ ನಿವೇದಿಸಿಕೊಳ್ಳುತ್ತೇನೆ. ವಿಷಯವು ನನ್ನ ತಮ್ಮನ ಹೃದಯಕ್ಕೆ ಸಂಬಂಧಿಸಿದ್ದು.

ನನ್ನ ತವರು ಚಳ್ಳಕೆರೆ ತಾಲ್ಲೂಕಿನಲ್ಲಿ, ವರವು ಕಾವಲೆಂಬ ಹುಲ್ಲುಗಾವಲಿನ ಅಂಚಿನಲ್ಲಿದೆ. ತಂದೆಯವರ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಮದುವೆಗೆ ಮುಂಚೆಯೇ ಹೊಲದ ಬಾವಿಯಲ್ಲಿ ಈಜುವಾಗ ಮುಳುಗಿ ತೀರಿಕೊಂಡರು. ನಾನಿನ್ನೂ ಹುಟ್ಟಿರಲಿಲ್ಲ. ಈ ಮನೆಯ ಗಂಡುಮಕ್ಕಳಿಗೆ ನೀರಿನಲ್ಲಿ ಗಂಡಾಂತರವಿದೆಯೆಂದು ಶಾಸ್ತ್ರ ಹೇಳುವವರು ತಿಳಿಸಿದ ಮೇರೆಗೆ, ಅಜ್ಜಿಯವರು ಎರಡು ಕಟ್ಟಳೆಗಳನ್ನು ಜಾರಿಗೆ ತಂದರು. ಮನೆಯವರು ಯಾರೂ ಬಾವಿಗೆ ಇಳಿಯತಕ್ಕದ್ದಲ್ಲ. ಸದರಿ ಬಾವಿಯ ನೀರು ಹೊಲಕ್ಕೆ ಹರಿಯಬಹುದೇ ಹೊರತು ಹೊಸಿಲು ದಾಟತಕ್ಕದ್ದಲ್ಲ. ಕುಡಿಯುವ ನೀರನ್ನು ಅವ್ವ ಊರಾಚೆಯ ಬೋರಿನಿಂದ ಹೊತ್ತು ತರುತ್ತಿದ್ದರು. ಕಟ್ಟಳೆಗಳನ್ನು ಯಾರೂ ಮೀರಲಿಲ್ಲ. ಆದಕಾರಣ ನಾವೆಲ್ಲರೂ ಸುರಕ್ಷಿತರೆಂದೇ ಭಾವಿಸಿದ್ದೆವು.

ತೊಂಬತ್ತರ ದಶಕದ ಕೊನೆಯಲ್ಲಿ ತಮ್ಮನು ಪೊಲೀಸ್ ಆಯ್ಕೆಗೆ ತಯಾರಾಗುತ್ತಿದ್ದ. ಬೆಳಿಗ್ಗೆ ಗೆಳೆಯನೊಡನೆ ಕಾವಲಿನಲ್ಲಿ ಓಡಿ ಮನೆಯವರೆಗೂ ಓಡುತ್ತಲೇ ಬರುತ್ತಿದ್ದ. ನಾನು ಮೊಳಕಾಲ್ಮುರಿನ ಗಂಡನ ಮನೆಯಿಂದ ತವರಿಗೆ ಬಂದಿದ್ದ ಒಂದು ದಿನ, ಹಾಗೆ ಓಡಿ ಬರುತ್ತಿದ್ದವನು ನಮ್ಮ ಬಾಗಿಲ ಮುಂದೆಯೇ ಬಿದ್ದ. ಮೂರ್ಛೆ ಹೋದವರಿಗೆ ಕಬ್ಬಿಣ ಹಿಡಿಸುವುದು ನಮ್ಮಲ್ಲಿ ರೂಢಿ. ಅವ್ವ ಸೊಂಟದ ಬೀಗದ ಕೈ ಗೊಂಚಲನ್ನು ಬಿಚ್ಚಿ ಅವನ ಅಂಗೈಗೆ ಒತ್ತಿದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟ.

"ಪಿಟ್ಸು. ಕಬ್ಬಿಣ ಸೋಕಿದ ಕೂಡ್ಲೆ ಎದ್ದ ನೋಡು," ಎಂದರು ಅಪ್ಪ.

ಗೆಳೆಯ ನಗಿಸಲು ನೋಡಿದ. "ಪೊಲೀಸ್ ಆಗಾಕ್ ಮುಂಚೇನೇ ಜೈಲಿನ ಬೀಗದ ಕೈ ಸಿಕ್ತಲ್ಲಲೇ ನಿಂಗೆ."

"ಮೊದ್ಲು ನಿನ್ನೇ ಒಳಗ್ ಹಾಕ್ತೀನಿ ಬಾ," ಎಂದ ತಮ್ಮ.

ಕೆಲವು ದಿನಗಳ ಬಳಿಕ ಓಡುವಾಗಲೇ ಮತ್ತೆ ಬಿದ್ದ. ಪಿಟ್ಸಿಗೆ ಔಷಧಿ ಕೊಡಿಸುವ ಸಲುವಾಗಿ ಅಪ್ಪ ಮತ್ತು ನಾನು ಅವನನ್ನು ಚಳ್ಳಕೆರೆಯ ವೈದ್ಯರೊಬ್ಬರ ಬಳಿಗೆ ಕರೆದೊಯ್ದೆವು. ಎರಡು ಸಲವೂ ಓಡುತ್ತಿರುವಾಗಲೇ ಬಿದ್ದನೆಂಬುದನ್ನು ಕೇಳಿದ ವೈದ್ಯರು ಔಷಧಿ ಬರೆಯದೆ ಇಸಿಜಿ ಮಾಡಿಸಿದರು. ಆ ಕಾಗದದ ಪಟ್ಟಿಯನ್ನು ಬಹಳ ಹೊತ್ತು ನೋಡಿದರು.

"ನಿಮ್ಮನೇಲಿ ಸಣ್ಣ ವಯಸ್ಸಿಗೇ ಯಾರಾದ್ರೂ ಇದ್ದಕ್ಕಿದ್ದಂಗೆ ಹೋಗಿದಾರಾ?"

"ಇಲ್ಲ ಸ್ವಾಮಿ. ನಮ್ ಮನ್ಯಾಗೆ ಎಲ್ಲಾ ಗಟ್ಟಿ ಆಳು," ಎಂದರು ಅಪ್ಪ.

"ದೊಡ್ಡಪ್ಪ ಹೋಗ್ಲಿಲ್ಲೇನಪ್ಪಾ?" ಎಂದೆ ನಾನು.

"ಅವ್ನು ನೀರಿನ್ಯಾಗೆ ಹೋಗಿದ್ದು ಕಣಮ್ಮ. ಡಾಕ್ಟ್ರು ಕೇಳ್ತಿರೋದು ಕಾಯಿಲೆ."

"ಅವರಿಗೆ ಈಜು ಬರ್ತಿರಲಿಲ್ವಾ?" ಎಂದು ವೈದ್ಯರು ಕೇಳಿದರು.

ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ನಂಗೆ ಈಜು ಕಲಿಸಿದ್ದೇ ನಮ್ಮಣ್ಣ," ಎಂದರು.

ವೈದ್ಯರು ವಿವರಿಸಿದ್ದರ ಸಾರಾಂಶ ಹೀಗಿದೆ. ತಮ್ಮನ ಹೃದಯವು ಒಂದು ಬಡಿತವಾದ ಮೇಲೆ ಮುಂದಿನದಕ್ಕೆ ಅಣಿಯಾಗಲು ಇರಬೇಕಾದುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಅಂಥವರಿಗೆ ಓಟ, ಈಜಿನ ಶ್ರಮದಲ್ಲಿ ತಾಳ ತಪ್ಪುವುದುಂಟು. ತಾನಾಗಿ ಸರಿಹೋಗದಿದ್ದಲ್ಲಿ ಜೀವ ಉಳಿಯುವುದಿಲ್ಲ. ಇದು ರಕ್ತಸಂಬಂಧದಲ್ಲಿ ಬರುವಂಥದ್ದು. ದೊಡ್ಡಪ್ಪನವರಿಗೂ ಇದೇ ಆಗಿರುವ ಸಾಧ್ಯತೆ ಇದೆ. ಬೆಂಗಳೂರಿನಲ್ಲಿ ಖಚಿತಪಡಿಸಿಕೊಳ್ಳಬೇಕು; ಅಲ್ಲಿಯತನಕ ಒಂದು ಹೆಜ್ಜೆಯನ್ನೂ ಓಡಕೂಡದು.

"ಸೆಲೆಕ್ಷನ್ ಒಂದು ಮುಗಿಸ್ಕಂಡು ಬರ್ತೀನಿ ಸಾರ್. ಆಮೇಲೆ ನೀವ್ ಹೇಳಿದಂಗೆ ಕೇಳ್ತೀನಿ," ಎಂದ ತಮ್ಮ.

"ಆಮೇಲೆ ಅನ್ನೋದು ಇರಬೇಕಲ್ಲಪ್ಪ."

ಬೆಂಗಳೂರಿನಲ್ಲೂ ಅದನ್ನೇ ಹೇಳಿದರು. ದಿನವೂ ತಪ್ಪದೆ ಗುಳಿಗೆ ನುಂಗತಕ್ಕದ್ದು, ಓಟ ಮತ್ತು ಈಜು ಬಿಡತಕ್ಕದ್ದು, ಒಡಹುಟ್ಟಿದವರೂ ತಂದೆತಾಯಿಯೂ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ನನ್ನದರಲ್ಲಿ ದೋಷ ಕಾಣಲಿಲ್ಲ. ಅಪ್ಪನ ಪಟ್ಟಿಯಲ್ಲಿ ಕಂಡಿತು. ಅವರಿಗೂ ಗುಳಿಗೆ ಬರೆದರು. ತಮ್ಮನು ಓಟದ ಬೂಟುಗಳನ್ನು ಗೆಳೆಯನಿಗೆ ಕೊಟ್ಟು, ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಗುಳಿಗೆಯನ್ನೂ ಮುಟ್ಟಲಿಲ್ಲ. ಅವ್ವ ಕಾಡಿದರು, ಅಪ್ಪ ಗದರಿದರು. ಅವನು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದ.

ಅಜ್ಜಿ ಅಪ್ಪನನ್ನು ಕರೆದು ಕೇಳಿದರು. "ಹಂಗಾರೆ ಬಾವಿ ಏನೂ ಮಾಡ್ಲಿಲ್ಲೇನೋ ನಮ್ ಹುಡುಗನ್ನ?"

"ಇಲ್ಲವ್ವ. ಅವನ ಎದಿಯಾಗೇ ಇತ್ತಂತೆ. ಯಾರಿಗೂ ಗೊತ್ತಾಗ್ಲಿಲ್ಲ."

ಮರುದಿನ ಬೆಳಿಗ್ಗೆ ಅಜ್ಜಿ ಮನೆಯಲ್ಲಿ ಕಾಣಲಿಲ್ಲ. ಹೊಲದ ಕಡೆಯಿಂದ ನಿಧಾನವಾಗಿ ನಡೆದು ಬಂದರು. ಕೈಯಲ್ಲಿ ತುಂಬಿದ ಚೊಂಬು ಇತ್ತು. ಹೊಸಿಲ ಬಳಿ ಒಂದು ಕ್ಷಣ ನಿಂತು, ಅದನ್ನು ಒಳಗೆ ತಂದರು. ತಮ್ಮನ ಹಾಸಿಗೆಯ ಪಕ್ಕದಲ್ಲಿ ಕುಳಿತು ಗುಳಿಗೆ ಮುಂದೆ ಹಿಡಿದರು.

"ಎಲ್ಲಿ ನೀರಜ್ಜಿ ಇದು?"

"ನಿಮ್ ದೊಡ್ಡಪ್ಪನ ಬಾವೀದು. ಅವ್ನಿಗೆ ಏನ್ ಕೊಡಬೇಕು ಅಂತ ಯಾರೂ ಹೇಳ್ಲಿಲ್ಲ ನಂಗೆ. ನಿಂಗೆ ಹೇಳ್ಯಾರೆ. ನುಂಗು."

ಅವನು ಎದ್ದು ಕುಳಿತ. ಗುಳಿಗೆ ನುಂಗಿ, ಚೊಂಬಿನಲ್ಲಿ ಉಳಿದದ್ದನ್ನೂ ಕುಡಿದ.

"ಸೀ ಐತಲ್ಲಜ್ಜಿ ನೀರು."

"ಗೊತ್ತು," ಎಂದು ಅಜ್ಜಿ ಚೊಂಬನ್ನು ತೆಗೆದುಕೊಂಡರು. "ಬಾಯಿ ತೆಗಿ, ನೋಡಾನ. ನಾಲಿಗಿ ಕೆಳಗ್ ಇಟ್ಕಂಡಿರ್ತೀಯ ನೀನು."