ಇಲ್ಲಿ ಫ್ಯಾಮಿಲಿ ಮಾತ್ರ

ಅಥವಾ ಆ ಮನುಷ್ಯನ ಕೈಯಲ್ಲಿ ಫೈಲು ಇರಲೇ ಇಲ್ಲವೇನೋ. ನನಗೆ ಮಾತ್ರ ಅದು ಸ್ಪಷ್ಟವಾಗಿ ಕಾಣುತ್ತದೆ: ನೀಲಿ ಫೈಲು, ಇಸ್ತ್ರಿ ಮಾಡಿದ ಬಿಳಿ ದಿಶ್‌ದಾಶ ನಿಲುವಂಗಿ, ತಲೆಯ ಮೇಲೆ ಕಸೂತಿಯ ಟೋಪಿ. ಆದರೆ ಅವನು ಬಾಗಿಲು ತಟ್ಟಿದಾಗ ನಾನು ಮನೆಯಲ್ಲಿರಲಿಲ್ಲ, ಮಸ್ಕತ್ ನಗರದ ಖುರುಮ್‌ನ ಒಂದು ಆಫೀಸಿನಲ್ಲಿ ಎ.ಸಿ. ಬಿಚ್ಚಿಸುತ್ತ ನಿಂತಿದ್ದೆ. ಇನ್ನೊಬ್ಬರು ಹೇಳಿದ್ದನ್ನು ಮತ್ತೆ ಮತ್ತೆ ಕೇಳಿ, ಈಗ ಅದು ನಾನೇ ಕಂಡದ್ದಾಗಿಬಿಟ್ಟಿದೆ. ಆದ್ದರಿಂದ ಓದುವವರು ನನ್ನನ್ನು ಪೂರ್ತಿ ನಂಬಬೇಕಾಗಿಲ್ಲ.

ಕೊರೊನಾ ಮುಗಿದ ಮೇಲಿನ ಎರಡನೆಯ ವರ್ಷ ಅದು. ಇಷ್ಟು ಖಂಡಿತ. ಏಕೆಂದರೆ ನಾನಿದ್ದ ಎ.ಸಿ. ರಿಪೇರಿ ಕಂಪನಿಯನ್ನು ಮುಚ್ಚುತ್ತೇವೆ ಎಂದು ಮಾಲೀಕರು ತಿಳಿಸಿದ್ದು ಆ ವರ್ಷವೇ. ಐವತ್ತರ ಹತ್ತಿರ ಬಂದವನಿಗೆ ಮಸ್ಕತ್‌ನಲ್ಲಿ ಹೊಸ ಕೆಲಸ ಯಾರು ಕೊಡುತ್ತಾರೆ? ಕುಂದಾಪುರದಲ್ಲಿ ಮಗಳ ನರ್ಸಿಂಗ್ ಓದು ಇನ್ನೂ ಅರ್ಧದಲ್ಲಿತ್ತು. ಅಂಥ ಹೊತ್ತಿನಲ್ಲಿ ಮಸ್ಕತ್‌ನಿಂದ ದೂರದ ದುಕ್ಮ್‌ನ ರಿಫೈನರಿಯ ಒಬ್ಬ ಕಾಂಟ್ರಾಕ್ಟರ್ ನನ್ನನ್ನು ಸೂಪರ್‌ವೈಸರ್ ಆಗಿ ತೆಗೆದುಕೊಳ್ಳಲು ಒಪ್ಪಿದ. ಒಂದೇ ಷರತ್ತು. ಒಳಗೆ ಕಾಲಿಡಬೇಕಾದರೆ ಸರಕಾರದ ಸೆಕ್ಯುರಿಟಿ ಕ್ಲಿಯರೆನ್ಸ್ ಬರಬೇಕು. ನನ್ನ ಹಳೆಯ ವೀಸಾ ಮುಗಿಯುವುದರೊಳಗೆ ಅದು ಬಂದರೆ ಕೆಲಸ, ಬಾರದಿದ್ದರೆ ಊರಿಗೆ ಟಿಕೆಟ್.

ಅರ್ಜಿ ಹೋಯಿತು. ಪಾಸ್‌ಪೋರ್ಟು, ಊರಿನ ಪೊಲೀಸ್ ಸರ್ಟಿಫಿಕೇಟು, ಹಳೆಯ ಕಂಪನಿಗಳ ಹೆಸರು, ಈಗ ವಾಸವಿರುವ ವಿಳಾಸ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟೆ. ಆಮೇಲೆ ಕಾಯುವುದು. ಹೊಸ ಕಂಪನಿಯ ಸರಕಾರಿ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದ ಸಾಲಿಂ ಎಂಬ ಒಮಾನಿ ತರುಣನಿಗೆ ನಾನು ಆಗಾಗ ಫೋನು ಮಾಡುತ್ತಿದ್ದೆ. ಅವನು ಬೇಸರಿಸಿಕೊಳ್ಳದೆ ಹಿಂದಿಯಲ್ಲಿ ಒಂದೇ ಮಾತು ಹೇಳುತ್ತಿದ್ದ:

"ಭಾಯ್, ಪಾಸಾದರೆ ಮೆಸೇಜ್ ಬರುತ್ತದೆ. ಪಾಸಾಗದಿದ್ದರೆ ಏನೂ ಬರುವುದಿಲ್ಲ."

"ಈಗ ಏನೂ ಬಂದಿಲ್ಲವಲ್ಲ, ಹಾಗಾದರೆ?"

"ಹಾಗಾದರೆ ಇನ್ನೂ ಬಂದಿಲ್ಲ."

ನಾನು ವಾಸವಿದ್ದದ್ದು ವಾದಿ ಕಬೀರ್‌ನಲ್ಲಿ, ಗ್ರೆಗರಿ ಎಂಬ ಮಂಗಳೂರಿನವರ ಫ್ಲ್ಯಾಟಿನ ಒಂದು ಕೋಣೆಯಲ್ಲಿ. ಅವರು ಒಂದು ಸಾಗಾಟ ಕಂಪನಿಯಲ್ಲಿ ಗುಮಾಸ್ತರು. ಹೆಂಡತಿ ಐರಿನ್ ಕ್ಲಿನಿಕ್ಕಿನಲ್ಲಿ ನರ್ಸು. ಇಬ್ಬರು ಹೆಣ್ಣುಮಕ್ಕಳು ಹತ್ತಿರದ ಇಂಡಿಯನ್ ಸ್ಕೂಲಿಗೆ ನಡೆದುಕೊಂಡೇ ಹೋಗುತ್ತಿದ್ದರು. ಅವರೊಳಗೆ ಕೊಂಕಣಿ, ಫೋನಿನಲ್ಲಿ ನನ್ನದು ತುಳು, ನಮ್ಮ ನಡುವೆ ಕನ್ನಡ. ಕ್ರೈಸ್ತರನ್ನು ಗೌರವದಿಂದ ಕರೆಯುವ ನಮ್ಮ ಕಡೆಯ ರೂಢಿಯಂತೆ ನಾನು ಗ್ರೆಗರಿಯವರನ್ನು 'ಪೊರ್ಬುಗಳೆ', ಐರಿನ್ ಅವರನ್ನು 'ಬಾಯಿ' ಎನ್ನುತ್ತಿದ್ದೆ, ಅವರು ನನ್ನನ್ನು 'ಶೆಟ್ರೆ' ಎನ್ನುತ್ತಿದ್ದರು.

ಆ ಕಟ್ಟಡದಲ್ಲಿ ಒಂದು ಫ್ಲ್ಯಾಟಿಗೆ ಒಂದೇ ಕುಟುಂಬ ಎಂಬ ನಿಯಮವಿತ್ತು. ಹೊರಗಿನವರನ್ನು ಇಟ್ಟುಕೊಳ್ಳುವಂತಿಲ್ಲ. ಆದರೆ ಇಟ್ಟುಕೊಳ್ಳದೆ ಬಾಡಿಗೆ ಕಟ್ಟಿ ಮಕ್ಕಳನ್ನು ಓದಿಸುವುದು ಎಷ್ಟು ಮನೆಗಳಿಗೆ ಸಾಧ್ಯವಿತ್ತು? ಆದ್ದರಿಂದ ನಮ್ಮಂಥ ಎಲ್ಲ ಮನೆಗಳಲ್ಲೂ ಒಂದು ಪಾಠ ನಡೆಯುತ್ತಿತ್ತು. ಅಪರಿಚಿತರು ಯಾರೇ ಬಂದು ಏನೇ ಕೇಳಲಿ, ಇಲ್ಲಿ ಫ್ಯಾಮಿಲಿ ಮಾತ್ರ. ಬೇರೆ ಯಾರೂ ಇಲ್ಲ. ನನ್ನ ಚಪ್ಪಲಿ ಕೂಡ ಬಾಗಿಲ ಹೊರಗೆ ಇರುತ್ತಿರಲಿಲ್ಲ. ಚಿಕ್ಕವಳು ರಿಯಾ ದಿನಾ ಬೆಳಿಗ್ಗೆ ನನ್ನನ್ನು ಕಂಡು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು, "ಅಂಕಲ್, ಟುಡೇ ಆಲ್ಸೋ ಯು ಆರ್ ಗೆಸ್ಟ್?"

ಕಾಯುವ ದಿನಗಳಲ್ಲಿ ಸುದ್ದಿಗಳಿಗೆ ಬರವಿರಲಿಲ್ಲ. ದುಕ್ಮ್‌ನಿಂದ ರಜೆಗೆ ಬಂದ ಒಬ್ಬ ಕೇರಳದವ, ಈಗ ಕೆಲವರನ್ನು ಸುಳ್ಳು ಹಿಡಿಯುವ ಮೆಷಿನಿಗೆ ಕೂರಿಸುತ್ತಾರಂತೆ, ಬೆರಳಿಗೂ ಎದೆಗೂ ವಯರು ಕಟ್ಟುತ್ತಾರಂತೆ ಎಂದ. ನಿಜವೋ ಸುಳ್ಳೋ, ನಾನು ಅದನ್ನು ಮನೆಯಲ್ಲಿ ಬಂದು ಹೇಳಿದೆ. ಐರಿನ್ ಬಾಯಿ ಸುಮ್ಮನೆ ಬಿಡುವವರಲ್ಲ. ಊಟದ ಮೊದಲು ಬಿ.ಪಿ. ಮೆಷಿನು ತಂದು ನನ್ನ ತೋಳಿಗೆ ಕಟ್ಟಿಯೇಬಿಟ್ಟರು.

"ಸತ್ಯ ಹೇಳ್ಬೇಕು ಶೆಟ್ರೆ. ಮೊನ್ನೆ ಬಂಗುಡೆ ಸಾರು ನಿಜವಾಗ್ಲೂ ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಬಾಯಿ."

"ನೋಡಿ ನೋಡಿ, ಏರ್ತಾ ಉಂಟು! ನಿಮ್ಗೆ ದುಕ್ಮ್ ಸಿಕ್ಕುದಿಲ್ಲ."

ಗ್ರೆಗರಿ ನಗುತ್ತ, "ನಂಗೆ ಕಟ್ಬೇಡ ಮಾರಾಯ್ತಿ, ಮದುವೆಯಾದಾಗಿಂದ ಆ ಸಾರನ್ನು ಹೊಗಳ್ತಾ ಬಂದವ ನಾನು, ಮೆಷಿನು ಒಡೆದು ಹೋದೀತು" ಎಂದರು. ಅಷ್ಟು ನಕ್ಕದ್ದು ಆ ಮನೆಯಲ್ಲಿ ಅದೇ ಕೊನೆ ಎಂದು ಬರೆಯಲು ಕೈ ಹೋಗುತ್ತಿದೆ. ಬರೆದರೆ ಸುಳ್ಳಾದೀತು. ಆಮೇಲೂ ನಕ್ಕಿರಬೇಕು. ನೆನಪು ತನಗೆ ಬೇಕಾದಲ್ಲಿ ಗೆರೆ ಎಳೆಯುತ್ತದೆ.

ಆ ಶನಿವಾರ, ಶುಕ್ರವಾರವೂ ಇರಬಹುದು, ನಾನು ಸಂಜೆ ಮನೆಗೆ ಬಂದಾಗ ಗ್ರೆಗರಿ ಖುಷಿಯಲ್ಲಿದ್ದರು.

"ಶೆಟ್ರೆ, ಇವತ್ತು ನಿಮ್ಮನ್ನು ಉಳಿಸಿದೆ."

"ಎಂತ ಆಯ್ತು?"

"ಒಬ್ಬ ಒಮಾನಿ ಬಂದಿದ್ದ. ನಿಮ್ಮ ಹೆಸರು ಹೇಳಿ, ಇಲ್ಲಿ ಇದ್ದಾರಾ ಅಂತ ಕೇಳಿದ. ಓನರಿನ ಕಡೆಯವ ಅಂತ ಕಾಣ್ತದೆ. ನಾನು ಕಣ್ಣು ಮಿಟುಕಿಸ್ಲಿಲ್ಲ. ಆ ಹೆಸರಿನವ್ರು ಯಾರೂ ಇಲ್ಲ, ಇಲ್ಲಿ ಫ್ಯಾಮಿಲಿ ಮಾತ್ರ ಅಂದೆ. ಹೋದ."

ಐರಿನ್ ಬಾಯಿ ಕೇಳಿದರು, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ರೀ, ಅದು ಕ್ಲಿಯರೆನ್ಸ್‌ನವ್ರು ಆಗಿದ್ರೆ?"

ಗ್ರೆಗರಿಯ ಮುಖ ನಿಧಾನಕ್ಕೆ ಬದಲಾದದ್ದು ನೆನಪಿದೆ. ಇದನ್ನು ನಾನೇ ನೋಡಿದ್ದೇನೆ. "ನನ್ನ ಬಾಯಿಗೆ ಅಭ್ಯಾಸ ಆಗಿ ಹೋಗಿದೆ ಮಾರಾಯ್ರೆ," ಎಂದರು. "ಮಂಡೆಗೆ ಹೋಗುವ ಮೊದಲೇ ಬಾಯಿಂದ ಬಂತು."

ಆಮೇಲೆ ಶುರುವಾಯಿತು ವಿಚಾರಣೆ. ಅವನ ಕೈಯಲ್ಲಿ ಏನಿತ್ತು? ಫೈಲು. ಅಲ್ಲ, ಮೊಬೈಲು. ಕಾರ್ಡು ತೋರಿಸಿದನೇ? ನೆನಪಿಲ್ಲ. ನಯವಾಗಿ ಕೇಳಿದನೇ, ಗದರಿಸಿದನೇ? ನಯವಾಗಿಯೇ. ಪ್ರತಿ ಸಲ ಕೇಳಿದಾಗಲೂ ಗ್ರೆಗರಿಯ ಉತ್ತರ ಸ್ವಲ್ಪ ಬೇರೆಯಾಗುತ್ತಿತ್ತು. ಕೊನೆಗೆ ಆ ಮನುಷ್ಯನ ಮುಖ ಇಬ್ಬರ ಕೈಗೂ ಸಿಗದೆ ಹೋಯಿತು. ಸಾಲಿಂನನ್ನು ಕೇಳಿದೆ, ಮನೆಗೆ ಬಂದು ವಿಚಾರಿಸುತ್ತಾರೆಯೇ ಎಂದು. "ವಿಚಾರಿಸಬಹುದು. ವಿಚಾರಿಸದೆಯೂ ಇರಬಹುದು. ನನಗೆ ಹೇಳಿ ಮಾಡುತ್ತಾರೆಯೇ?" ಎಂದ.

ಮೆಸೇಜು ಬರಲಿಲ್ಲ. ವಾರಗಳು ಸರಿದಂತೆ ಗ್ರೆಗರಿ ನನ್ನ ಕಣ್ಣು ತಪ್ಪಿಸತೊಡಗಿದರು. ಫೋನು ಟಿಣ್ ಎಂದರೆ ನನಗಿಂತ ಮೊದಲು ಅವರು ಬೆಚ್ಚುತ್ತಿದ್ದರು. "ಬಿಡಿ ಪೊರ್ಬುಗಳೆ, ನಮ್ಮ ಹಣೆಬರಹದಲ್ಲಿದ್ರೆ ಬರ್ತದೆ" ಎಂದು ನಾನು ಎಷ್ಟೋ ಸಲ ಹೇಳಿದೆ. ಎಷ್ಟೋ ಸಲ ಎಂದು ಈಗ ಅನಿಸುತ್ತದೆ. ಸಾಕಾಗುವಷ್ಟು ಸಲ ಹೇಳಿರಲಾರೆ.

ಒಂದು ಬೆಳಿಗ್ಗೆ ಅವರು ಆಫೀಸಿಗೆ ರಜೆ ಹಾಕಿ, ಯಾರಿಗೂ ಹೇಳದೆ ಕಟ್ಟಡದ ಮಾಲೀಕರನ್ನು ಕಾಣಲು ಹೋದರು. ಆಮೇಲೆ ನಮಗೆ ಹೇಳಿದ್ದು ಇಷ್ಟು. ಮಾಲೀಕರು ವಯಸ್ಸಾದ ಒಮಾನಿ. ಖರ್ಜೂರ ಮುಂದಿಟ್ಟು, ಕಾಫಿ ಕೊಟ್ಟು ಕೂರಿಸಿದರು. ಗ್ರೆಗರಿ ಎಲ್ಲವನ್ನೂ ಹೇಳಿದರು. ಈ ಹೆಸರಿನವರು ವರ್ಷಗಳಿಂದ ನನ್ನ ಮನೆಯಲ್ಲೇ ಇದ್ದಾರೆ, ಒಳ್ಳೆಯ ಮನುಷ್ಯ, ಬಂದವರಿಗೆ ನಾನು ಸುಳ್ಳು ಹೇಳಿದೆ, ಸರಕಾರದವರು ನಿಮ್ಮನ್ನು ಕೇಳಿದರೆ ದಯವಿಟ್ಟು ನಿಜ ತಿಳಿಸಿ. ಮುದುಕರು ಕೊನೆಯವರೆಗೂ ಕೇಳಿಸಿಕೊಂಡರಂತೆ. ಆಮೇಲೆ, "ನಿಜ ಹೇಳಿದೆ, ಒಳ್ಳೆಯದು. ಕೇಳಿದರೆ ನಾನೂ ನಿಜವನ್ನೇ ಹೇಳುತ್ತೇನೆ. ಆದರೆ ನನ್ನ ಕಟ್ಟಡದ ನಿಯಮ ನಿನಗೆ ಗೊತ್ತಿತ್ತು" ಎಂದರಂತೆ. ತಿಂಗಳ ಕೊನೆಗೆ ಮನೆ ಖಾಲಿ. ಖಲಾಸ್.

ಐರಿನ್ ಬಾಯಿ ಅತ್ತದ್ದನ್ನು ನಾನು ನೋಡಲಿಲ್ಲ. ಬೈದದ್ದನ್ನು ಮಾತ್ರ ಗೋಡೆಯಾಚೆಯಿಂದ ಕೇಳಿದೆ. ಅದೂ ಕನ್ನಡದಲ್ಲಿ, ನನಗೂ ತಿಳಿಯಲಿ ಎಂದೇ ಇರಬೇಕು.

"ಕನ್ಫೆಶನ್ ಮಾಡ್ಲಿಕ್ಕೆ ಇಗರ್ಜಿಯಲ್ಲಿ ಪಾದ್ರಿ ಇರ್ಲಿಲ್ವಾ ನಿಮ್ಗೆ? ಓನರೇ ಬೇಕಿತ್ತಾ?"

ನಾನು ಕೂಡಲೇ ಬೇರೆ ಕಡೆ ಹೋಗುತ್ತೇನೆ ಎಂದೆ. ಅದರಿಂದ ಏನೂ ಬದಲಾಗಲಿಲ್ಲ. ನನ್ನ ಬಾಡಿಗೆಯ ಪಾಲಿಲ್ಲದೆ ಅವರಿಗೆ ಬೇರೆ ಫ್ಲ್ಯಾಟು ಹಿಡಿಯಲಾಗಲಿಲ್ಲ. ಹಿಡಿಯಬಹುದಾದ ಮನೆಗಳೆಲ್ಲ ಸ್ಕೂಲಿನಿಂದ ದೂರ. ಕೊನೆಗೆ ಐರಿನ್ ಬಾಯಿ ಕ್ಲಿನಿಕ್ಕಿನ ಕೆಲಸ ಬಿಟ್ಟು ಮಕ್ಕಳನ್ನು ಕರೆದುಕೊಂಡು ಮಂಗಳೂರಿಗೆ ಹೋಗುವುದೆಂದಾಯಿತು. ಗ್ರೆಗರಿ ಒಬ್ಬರೇ ಮಸ್ಕತ್‌ನಲ್ಲೇ ಉಳಿದು, ರುವಿಯಲ್ಲಿ ಒಂದು ಕೋಣೆಯಲ್ಲಿ ನಾಲ್ಕನೆಯವರಾಗಿ ಸೇರಿಕೊಳ್ಳುವುದೆಂದಾಯಿತು.

ಸಾಮಾನು ಕಟ್ಟುತ್ತಿದ್ದ ದಿನವೇ ಮೆಸೇಜು ಬಂತು. ಇಷ್ಟು ಅಚ್ಚುಕಟ್ಟಾಗಿ ಅದೇ ದಿನ ಬಂದಿರಲು ಸಾಧ್ಯವೇ ಎಂದು ನನಗೇ ಅನುಮಾನ. ಆದರೆ ನನ್ನ ಕೈಯಲ್ಲಿ ಅಂಟು ಟೇಪು ಇದ್ದದ್ದು, ಸಾಲಿಂ ಫೋನಿನಲ್ಲಿ "ಮಬ್ರೂಕ್, ಭಾಯ್" ಎಂದು ಅಭಿನಂದಿಸಿ ಕೂಗಿದ್ದು ನೆನಪಿದೆ. ಕ್ಲಿಯರೆನ್ಸ್ ಆಗಿತ್ತು.

ಫೋನನ್ನು ಜೇಬಿಗೆ ಹಾಕಿ ಮತ್ತೆ ಟೇಪು ಎಳೆದೆ. ಗ್ರೆಗರಿಯೇ ಊಹಿಸಿ ನನ್ನ ಎರಡೂ ತೋಳು ಹಿಡಿದುಕೊಂಡರು.

"ಬಂತಾ? ಬಂತಲ್ವಾ? ಐರಿನ್, ಬಾ ಇಲ್ಲಿ! ನೋಡಿದ್ಯಾ, ನಾನು ಹೋಗಿ ಹೇಳಿದ್ದಕ್ಕೆ ಬಂತು!"

ಐರಿನ್ ಬಾಯಿ ಬಂದರು. ನನ್ನ ಮುಖ ನೋಡಿದರು. "ಒಳ್ಳೇದಾಯ್ತು ಶೆಟ್ರೆ" ಎಂದರು. ಮಕ್ಕಳ ಪುಸ್ತಕಗಳ ಪೆಟ್ಟಿಗೆ ಮುಚ್ಚಲು ತಿರುಗಿ ಹೋದರು.

ನಾನು ಈಗ ದುಕ್ಮ್‌ನಲ್ಲಿದ್ದೇನೆ. ಕಂಪನಿಯ ಬಸ್ಸು, ಕ್ಯಾಂಪಿನ ಮಂಚ, ಗೇಟಿನಲ್ಲಿ ಕುತ್ತಿಗೆಗೆ ನೇತುಹಾಕುವ ಪಾಸು. ನನ್ನ ಮಗಳ ಓದು ಮುಗಿಯಿತು. ರಿಯಾ ಮಂಗಳೂರಿನ ಶಾಲೆಯಲ್ಲಿ ಒಂದು ವರ್ಷ ಹಿಂದೆ ಬಿದ್ದಳೆಂದು ಕೇಳಿದೆ. ಗ್ರೆಗರಿ ಶುಕ್ರವಾರಗಳಂದು ಫೋನು ಮಾಡುತ್ತಾರೆ. ಯಾರಾದರೂ ಹೊಸಬರು ಕೋಣೆಗೆ ಬಂದರೆ ಅವರಿಗೆ ನನ್ನ ಕತೆಯನ್ನೇ ಹೇಳುತ್ತಾರಂತೆ: ಸತ್ಯ ಹೇಳಿದರೆ ಕೆಲಸ ಆಗ್ತದೆ ನೋಡಿ ಎಂದು. ನಾನು ಹೂಂಗುಡುತ್ತೇನೆ. ಹಾಗಲ್ಲದಿರಬಹುದು ಎಂದು ಅವರಿಗೆ ಹೇಳಲು ಇದುವರೆಗೆ ಬಾಯಿ ಬಂದಿಲ್ಲ. ಅವರ ಕೈಯಲ್ಲಿ ಉಳಿದಿರುವುದು ಅದೊಂದೇ.

ಆ ಮುದುಕ ಮಾಲೀಕರನ್ನು ಸರಕಾರದ ಯಾರಾದರೂ ಬಂದು ಕೇಳಿದರೇ, ನನಗೆ ತಿಳಿಯದು. ಗ್ರೆಗರಿ ಹೋಗಿ ಹೇಳದೆ ಸುಮ್ಮನಿದ್ದಿದ್ದರೂ ನನ್ನ ಪಾಸು ಬರುತ್ತಿತ್ತೇ, ಅದೂ ತಿಳಿಯದು.