ದನಿ ತೆಗೆಯದೆ ಹಾಡು ಕಲಿಸಿದ ಅಕ್ಕ

ಬಜಾರಿನ ಹೋಟೆಲಿನಲ್ಲಿ ಗ್ರಾಮಾಫೋನು ಹಚ್ಚಿದಾಗಲೆಲ್ಲ ಅಕ್ಕನ ಕೊರಳಿನ ಗುಳಿಯ ಹತ್ತಿರ ಒಂದು ನರ ಅಲುಗುತ್ತಿತ್ತು. ತುಟಿ ಮುಚ್ಚಿರುತ್ತಿದ್ದವು, ಕೈ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವು, ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೆ ಗೋಡೆಯಾಚೆಯಿಂದ ಬರುವ ಹಾಡು ಮೇಲಕ್ಕೇರಿದಾಗ ಆ ನರ ಬಿಗಿಯುತ್ತಿತ್ತು, ಇಳಿದಾಗ ಸಡಿಲಾಗುತ್ತಿತ್ತು. ಅವಳು ಒಳಗೊಳಗೇ ಹಾಡಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಾಗುವಷ್ಟರಲ್ಲಿ ಒಂದು ಚಳಿಗಾಲ ಕಳೆದಿತ್ತು.

ಲಿಂಗಸುಗೂರಿನ ತಹಸೀಲ ಕಚೇರಿಯಲ್ಲಿ ನನ್ನ ಯಜಮಾನರು ಗುಮಾಸ್ತರಾಗಿದ್ದರು. ಮುಕ್ಕುಂದದಿಂದ ಮದುವೆಯಾಗಿ ಬಂದ ಹೊಸತರಲ್ಲಿ ನಾವು ಒಬ್ಬ ಬಟ್ಟೆ ಸಾವ್ಕಾರರ ಮನೆಯ ಪಡಸಾಲೆಯ ಪಕ್ಕದ ಎರಡು ಕೋಣೆ ಹಿಡಿದಿದ್ದೆವು. ಅಕ್ಕ ಆ ಸಾವ್ಕಾರರ ಹೆಂಡತಿ. ನಮಗೂ ಅವರಿಗೂ ಬಳಗವೇನೂ ಇರಲಿಲ್ಲ. ಮೊದಲ ದಿನ ಅವಳು ಒಂದು ಕೊಡ ನೀರು ತಂದಿಟ್ಟು, "ತಂಗಿ, ಇಲ್ಲಿ ನೀರು ಸವಳ. ಕುಡಿಯಾಕ ನಮ್ಮ ಹಂಡೇದ್ದು ಒಯ್ಯಿ" ಅಂದಳು. ಆವತ್ತಿನಿಂದ ಅವಳು ನನಗೆ ಅಕ್ಕನಾದಳು.

ಅವಳ ಕಥೆಯನ್ನು ನನಗೆ ಹೇಳಿದವರು ಬಾವಿಕಟ್ಟೆಯ ಹೆಂಗಸರು. ಸಂಸ್ಥಾನದ ಗಡಿಯಾಚೆಯಿಂದ ಬರುತ್ತಿದ್ದ ಒಂದು ನಾಟಕ ಕಂಪನಿಯಲ್ಲಿ ಅವಳು ನಾಯಕಿಯ ಪಾತ್ರ ಮಾಡುತ್ತಿದ್ದಳಂತೆ. ಕಂಪನಿ ಸಿಂಧನೂರಿನಲ್ಲಿ ತಂಬು ಹೊಡೆದಾಗ, ಪೊಲೀಸು ಅಮೀನರ ಇಜಾಜತ್, ಅಂದರೆ ಅಪ್ಪಣೆ, ಸಿಗದೆ ಹಲವು ದಿನ ಆಟ ನಿಂತಿತ್ತಂತೆ. ಬಟ್ಟೆಯ ವ್ಯಾಪಾರಕ್ಕೆ ಹೋಗಿದ್ದ ಸಾವ್ಕಾರರು ಆಟ ಶುರುವಾಗುವವರೆಗೂ ಅಲ್ಲೇ ಕಾದು, ಆಮೇಲೆ ಕಂಪನಿ ಊರು ಬಿಡುವವರೆಗೂ ಅಲ್ಲಿಂದ ಕದಲಲಿಲ್ಲ. ಅವಳ ಹಾಡಿಗೆ ಜನ ವನ್ಸ್‌ಮೋರ್ ಕೂಗಿ ಕೂಗಿ, ಕಥೆಯಲ್ಲಿ ಸತ್ತುಹೋದ ಅವಳ ಗಂಡ ಹಾಗೇ ಮಲಗಿ ಬೇಸತ್ತು ಮಗ್ಗುಲು ಬದಲಿಸುತ್ತಿದ್ದನಂತೆ. ಕೊನೆಗೆ ಮಸ್ಕಿಯ ಬೆಟ್ಟದ ಗುಡಿಯಲ್ಲಿ ಇವರಿಬ್ಬರ ಮದುವೆಯಾಯಿತು.

ಅತ್ತೆ, ನಾವೆಲ್ಲ ದೊಡ್ಡವ್ವ ಅನ್ನುತ್ತಿದ್ದವರು, ಸೊಸೆಯನ್ನು ಒಳಗೆ ಕರೆದುಕೊಂಡರು. ಆದರೆ ದೇವರ ಜಗುಲಿಯ ಮುಂದೆ ಒಂದು ಮಾತು ತೆಗೆದುಕೊಂಡರು. ಇನ್ನು ಮೇಲೆ ಹಾಡಕೂಡದು. ದೊಡ್ಡವ್ವ ಕೆಟ್ಟವರಾಗಿರಲಿಲ್ಲ. ಮದುವೆಯ ವಯಸ್ಸಿಗೆ ಬಂದ ಮಗಳೊಬ್ಬಳು ಮನೆಯಲ್ಲಿದ್ದಳು. ನಾಟಕದಾಕೆಯ ಮನೆ ಎಂದು ಹೆಸರು ಬಿದ್ದರೆ ಅವಳನ್ನು ಯಾರು ಮಾಡಿಕೊಂಡಾರು ಎಂಬ ಅಂಜಿಕೆ ಅವರದು. ಅಕ್ಕ ಒಪ್ಪಿದಳು. ಮುಂದೆ ಆ ಮಗಳು ಬಳಗಾನೂರಿನ ಒಳ್ಳೆಯ ಮನೆ ಸೇರಿದಳು, ಮಕ್ಕಳ ತಾಯಿಯಾದಳು. ಮಾತು ಮಾತ್ರ ಹಾಗೇ ಉಳಿಯಿತು. ಬಿಡಿಸಿಕೊಳ್ಳಲು ನೀನೇ ಯಾಕೆ ಕೇಳಬಾರದು ಎಂದು ನಾನೊಮ್ಮೆ ಅಂದಿದ್ದಕ್ಕೆ ಅಕ್ಕ, "ಕೇಳಿ ಇಸಗೊಂಡ್ರ ಅದು ಅವರು ಕೊಟ್ಟಂಗ ಆಗೂದಿಲ್ಲ, ತಂಗಿ" ಅಂದಳು.

ಹಾಡದಿದ್ದರೂ ಕೊರಳನ್ನು ಕಾಯುವುದನ್ನು ಅವಳು ಬಿಟ್ಟಿರಲಿಲ್ಲ. ಬೆಳಿಗ್ಗೆ ಎದ್ದವಳೇ ಜೇಷ್ಠಮಧುವಿನ ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹುಳಿ ಮಜ್ಜಿಗೆ ಮುಟ್ಟುತ್ತಿರಲಿಲ್ಲ. ಬಾಗಿಲು ದಾಟುವಾಗ, ರಂಗಕ್ಕೆ ಬರುವ ನಾಯಕಿಯ ಹಾಗೆ, ಒಂದು ಗಳಿಗೆ ನಿಂತು, ತಲೆಯೆತ್ತಿ, ಆಮೇಲೆ ಒಳಗೆ ಕಾಲಿಡುತ್ತಿದ್ದಳು. ರೊಟ್ಟಿಯ ಬುಟ್ಟಿ ಹಿಡಿದು ಬಂದರೂ ಅಷ್ಟೇ.

ಒಂದು ಮಧ್ಯಾಹ್ನ ನಾನು ಬೀಸುತ್ತ, ನಮ್ಮೂರ ಬಂಡಿ ಹೊಡೆಯುವವರ ಬಾಯಲ್ಲಿ ಕೇಳಿದ್ದ ನಾಟಕದ ಹಾಡೊಂದನ್ನು ಗುನುಗುತ್ತಿದ್ದೆ. ಅಕ್ಕ ಬಂದು ಬೀಸುಕಲ್ಲಿನ ಗೂಟದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಹಾಡಿನ ಮಾತುಗಳನ್ನು, ಸಂತೆಯ ಸುದ್ದಿ ಹೇಳುವ ಹಾಗೆ, ರಾಗವಿಲ್ಲದೆ ಸರಿಯಾಗಿ ಹೇಳಿದಳು. ಆಮೇಲೆ ಅಂಗೈ ಚಾಚಿ ನಿಧಾನವಾಗಿ ಮೇಲೆತ್ತಿದಳು. ಏನೆಂದು ತಿಳಿಯದೆ ನೋಡುತ್ತ ಕುಳಿತೆ. ಮತ್ತೆ ಎತ್ತಿದಳು. ಆಗ ನನ್ನ ದನಿಯನ್ನು ಆ ಕೈಯ ಹಿಂದೆ ಕಳಿಸಿದೆ. ತಪ್ಪಿದಾಗ ಮುಷ್ಟಿ ಮುಚ್ಚಿದಳು, ಸರಿಹೋದಾಗ ಬೆರಳು ಬಿಡಿಸಿದಳು. ಹೀಗೆ ನನ್ನ ಪಾಠ ಶುರುವಾಯಿತು. ತಾಳ ಹಾಕಲು ಮೊರದ ಬೆನ್ನು ಇತ್ತು.

ನಾಯಕಿ ತೋಟಕ್ಕೆ ಬರುವಾಗಿನ ಹಾಡು, ಗಂಡನ ಮೇಲೆ ಸುಳ್ಳು ಸಿಟ್ಟು ಮಾಡುವ ಹಾಡು, ದಂಡಿಗೆ ಹೋದವನು ಬಾರದೆ ಹೋದಾಗಿನ ಹಾಡು ಎಲ್ಲವನ್ನೂ ಆ ಕೈಗಳಿಂದಲೇ ಕಲಿತೆ. ದುಃಖದ ಹಾಡು ಹೇಳುತ್ತ ನನಗೇ ಕಣ್ಣೀರು ಬಂದ ದಿನ ಅಕ್ಕನಿಗೆ ಸಮಾಧಾನವಾಗಲಿಲ್ಲ. "ನೀ ಅಳಬ್ಯಾಡ. ನೀನ ಅತ್ತುಬಿಟ್ರ ಕೇಳಾವರಿಗೆ ಏನು ಉಳೀತು?" ಅಂದಳು.

ಹೋಟೆಲಿನಿಂದ ಬರುವ ಟಾಕೀ ಹಾಡುಗಳನ್ನು ಅವಳು ಕೀಳಾಗಿ ಕಾಣಲಿಲ್ಲ. ಅವುಗಳ ಹಿಂದೂಸ್ತಾನಿ ಮಾತಿನ ಅರ್ಥವನ್ನು ಉರ್ದು ಬಲ್ಲ ನನ್ನ ಯಜಮಾನರಿಂದ ಕೇಳಿ ಹೇಳಲು ನನ್ನನ್ನು ಕಳಿಸುತ್ತಿದ್ದಳು. ಕೇಳಿಸಿಕೊಂಡು ನಗುತ್ತಿದ್ದಳು. ಯಾವ ಸೀಮೆಯ ಹಾಡಾದರೇನು, ಗಂಡಸು ಊರಿಗೆ ಹೋಗಿಯೇ ಇರುತ್ತಾನೆ ಅನ್ನುತ್ತಿದ್ದಳು. ಒಂದು ಮಾತು ಮಾತ್ರ ನೆನಪಿದೆ: "ಇವರು ಕಿವಿಯೊಳಗ ಹಾಡತಾರ. ನಾವು ಕಟ್ಟಕಡೀಗೆ ಚಾಪಿ ಮ್ಯಾಲ ಕುಂತಾವನಿಗೆ ಹಾಡತಿದ್ವಿ."

ನಾನು ಬಸುರಿಯಾದೆ. ನನಗೆ ತಾಯಿ ಇರಲಿಲ್ಲ. ತವರಿಗೆ ಹೋಗುವ ಮಾತು ಬಂದಾಗ ದೊಡ್ಡವ್ವ, ಅಲ್ಲಿ ಯಾರು ನೋಡುತ್ತಾರೆ, ಇಲ್ಲೇ ಇರು ಎಂದು ತಡೆದರು. ಹೆರಿಗೆಯಾದ ಮೇಲೆ ಎಣ್ಣೆ, ಬಿಸಿನೀರು, ಖಾರ ಎಲ್ಲವನ್ನೂ ಅವರೇ ಮುಂದೆ ನಿಂತು ನೋಡಿಕೊಂಡರು. ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಪಡಸಾಲೆ ತುಂಬ ಹೆಂಗಸರು. ಬಳಗಾನೂರಿನಿಂದ ದೊಡ್ಡವ್ವನ ಮಗಳೂ ಅವಳ ಅತ್ತೆಯೂ ಬಂದಿದ್ದರು. ಬೀಗಿತ್ತಿ ಗಟ್ಟಿ ಹೆಣ್ಣುಮಗಳು. ಅವರ ಕಿವಿಗೆ ಬೀಳಬಾರದೆಂದೇ ಈ ಮನೆಯಲ್ಲಿ ಅಷ್ಟು ವರ್ಷ ಹಾಡು ಮುಚ್ಚಿಟ್ಟಿದ್ದು.

ಜೋಗುಳ ಹಾಡಲು ಎಲ್ಲರೂ ನನಗೇ ಹೇಳಿದರು. ಒಂದು ನಾಟಕದಲ್ಲಿ ಕಾಡು ಸೇರಿದ ರಾಣಿ ಮಗುವನ್ನು ಮಲಗಿಸುವ ಹಾಡನ್ನು ಅಕ್ಕ ನನಗೆ ಕಲಿಸಿದ್ದಳು. ಅದನ್ನೇ ಹೇಳಿದೆ. ಮುಗಿದ ಮೇಲೆ ಬೀಗಿತ್ತಿ ನನ್ನನ್ನೇ ನೋಡುತ್ತ ಕೇಳಿದರು: "ಇದು ನಾಟಕದ ಹಾಡಲ್ಲೇನವ್ವ? ನಿನಗ ಯಾರು ಕಲಿಸಿದ್ರು?"

ಅಕ್ಕ ಎಲೆ ಅಡಿಕೆಯ ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಬಳಗಾನೂರಿನ ಮಗಳು ತಲೆ ತಗ್ಗಿಸಿದಳು. ಊರಿಂದ ಕಲಿತು ಬಂದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ ತೊಟ್ಟಿಲು ತೂಗುವುದನ್ನು ನಿಲ್ಲಿಸದೆಯೇ ಹೇಳಿದರು: "ನಮ್ಮ ಸೊಸಿ ಕಲಿಸ್ಯಾಳ. ಆಕಿ ಕಂಪನಿಯೊಳಗ ಹಾಡತಿದ್ದಳು." ಆಮೇಲೆ ಅಕ್ಕನ ಕಡೆ ತಿರುಗಿದರು. "ನಾ ನಿನ್ನ ಕಡಿಂದ ಒಂದು ಮಾತು ಇಸಗೊಂಡಿದ್ದೆ. ಇವತ್ತು ಬಿಟ್ಟೀನಿ. ಹಾಡವ್ವ."

ಅಕ್ಕ ತಟ್ಟೆ ಕೆಳಗಿಟ್ಟು ಬಂದು ತೊಟ್ಟಿಲ ಹಗ್ಗ ಹಿಡಿದಳು. ಮೊದಲ ಸಾಲು ಎತ್ತಿದಳು. ಅಲ್ಲಿಯವರೆಗೆ ನಾನು ಅವಳ ಹಾಡುವ ದನಿ ಕೇಳಿಯೇ ಇರಲಿಲ್ಲ. ತುಂಬಿದ, ಬೆಚ್ಚಗಿನ ದನಿ. ಹಾಡು ಮೇಲಕ್ಕೆ ಹೋಗುವ ಕಡೆ ಅದು ಒಡೆಯಿತು. ಮತ್ತೆ ಎತ್ತಿದಳು. ಮತ್ತೆ ಅಲ್ಲಿಯೇ ಒಡೆಯಿತು. ಇಷ್ಟು ವರ್ಷ ಜೇಷ್ಠಮಧು ಅಗಿದು ಕಾಯ್ದಿದ್ದ ಕೊರಳು, ಹಾಡದೇ ಇದ್ದುದರಿಂದಲೇ ಕೈಬಿಟ್ಟಿತ್ತು. ಅಕ್ಕ ತೊಟ್ಟಿಲನ್ನಷ್ಟೇ ತೂಗತೊಡಗಿದಳು.

ಮಾತಾಡಿದವರು ಬೀಗಿತ್ತಿ. "ಮ್ಯಾಲ ಹೋಗಬ್ಯಾಡ ಬಿಡವ್ವ. ಕೆಳಗಿನ ದನೀಲೆ ಹಾಡು. ಕೂಸಿಗೆ ಅಷ್ಟು ಸಾಕು."

ಅಕ್ಕ ತಗ್ಗಿದ ಶ್ರುತಿಯಲ್ಲಿ ಹಾಡನ್ನು ಪೂರ್ತಿ ಮಾಡಿದಳು. ನನ್ನ ಮಗಳು ನಿದ್ದೆಹೋದಳು.

ಅದಾದ ಮೇಲೆ ದೊಡ್ಡವ್ವನಿಗೆ ನೆಮ್ಮದಿ ಇರಲಿಲ್ಲ. ಹಕೀಮರನ್ನು ಕರೆಸಿದರು, ಜೇನು ತರಿಸಿದರು, ಹಾಲಿಗೆ ಅರಿಶಿನ ಹಾಕಿ ಕೈಯಾರೆ ಕುಡಿಸಿದರು. ಮೇಲಿನ ಸ್ವರ ಮರಳಿ ಬರಲಿಲ್ಲ. ಅಕ್ಕ ಒಳಗೆ ಎಷ್ಟು ನೊಂದಳೋ ನನಗೆ ಹೇಳಲಿಲ್ಲ. ಕೆಲವು ದಿನ ಬಾಗಿಲಲ್ಲಿ ನಿಲ್ಲದೆ ಸರಸರ ಒಳಗೆ ಬಂದುಬಿಡುತ್ತಿದ್ದಳು, ಅಷ್ಟೇ. ಆಮೇಲೊಂದು ಮಧ್ಯಾಹ್ನ ತಾನಾಗಿಯೇ ನನ್ನ ಮುಂದೆ ಕುಳಿತು, ಕೆಳಗಿನ ಸಾಲು ತನ್ನದು, ಮೇಲಿನ ಸಾಲು ನನ್ನದು ಅಂದಳು. ಹಾಗೆ ಹಂಚಿಕೊಂಡು ಹಾಡಿದೆವು. ಸಾವ್ಕಾರರು ಊಟಕ್ಕೆ ಬಂದವರು ಅಂಗಡಿಗೆ ಮರಳುವುದನ್ನು ತಡಮಾಡತೊಡಗಿದರು. ದೊಡ್ಡವ್ವ ಗೋಡೆಗೆ ಒರಗಿ, ಕಾಲು ಚಾಚಿ, ಬತ್ತಿ ಹೊಸೆಯುತ್ತ ಕೇಳುತ್ತಿದ್ದರು.

ನಮಗೆ ರಾಯಚೂರಿಗೆ ವರ್ಗವಾಯಿತು. ಮೋಟಾರು ನಿಲ್ಲುವ ಕಡೆಗೆ ಅಕ್ಕ ನನ್ನ ಮಗಳನ್ನು ಎತ್ತಿಕೊಂಡು ಬಂದಳು. ಹಾಡು ಮರೆಯುವುದಿಲ್ಲ ಎಂದು ನಾನು ಅಂದೆ. "ಮರತ್ರೂ ಮರಿ, ಅದಕ್ಕೇನಿಲ್ಲ," ಅಂದಳು. "ಯಾರರ ಬ್ಯಾಡ ಅಂದ್ರಂತ ಮಾತ್ರ ಬಿಡಬ್ಯಾಡ."

ಮುಂದಿನ ಬೇಸಿಗೆಯಲ್ಲಿ ಅಕ್ಕ ಜ್ವರ ಬಂದು ತೀರಿಕೊಂಡಳು. ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ನನಗೆ ಹೋಗಲಾಗಲಿಲ್ಲ.

ಸ್ವಲ್ಪ ಕಾಲದ ಮೇಲೆ ದೊಡ್ಡವ್ವ ಕಣ್ಣು ತೋರಿಸಲು ರಾಯಚೂರಿಗೆ ಬಂದು ನಮ್ಮಲ್ಲೇ ಇಳಿದುಕೊಂಡರು. ಬಹಳ ಸೊರಗಿದ್ದರು. ಊಟವಾದ ಮೇಲೆ ನನ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಆ ಹಾಡು ಹೇಳು ಅಂದರು. ಯಾವುದೆಂದು ನಾನು ಕೇಳಲಿಲ್ಲ. ನನ್ನ ಪಾಲಿನ ಮೇಲಿನ ಸಾಲು ಹಾಡಿದೆ. ಕೆಳಗಿನ ಸಾಲು ಬರುವ ಕಡೆ ಅಭ್ಯಾಸದಂತೆ ತಡೆದು ನಿಂತೆ. ಆಗ ದೊಡ್ಡವ್ವ, ನಡುಗುವ ದನಿಯಲ್ಲಿ, ಶ್ರುತಿ ತಪ್ಪಿದರೂ ಒಂದು ಮಾತೂ ತಪ್ಪದೆ, ಆ ಸಾಲನ್ನು ಹಾಡಿದರು. ಆ ಮನೆಯಲ್ಲಿ ಅಕ್ಕನಿಂದ ಹಾಡು ಕಲಿತವಳು ನಾನೊಬ್ಬಳೇ ಅಲ್ಲ ಎಂಬುದು ನನಗೆ ಆವತ್ತು ತಿಳಿಯಿತು.